ಚೇಂಬರಿಗೆ ಕಲ್ಲು ಹೊಡೆದದ್ದು

...ಜೂನ್ ಹದಿನಾಲ್ಕು, ತೊಂಬತ್ತೆಂಟನೇ ಇಸವಿ, ಭಾನುವಾರ. ‘ಕಾರು ಮನೆಗೆ ಬಂತು. ಇವರು ಮೂರು ಸಲ ಕರೆದರೂ ಊಟಕ್ಕೆ ಏಳಲಿಲ್ಲ.’ ನನ್ನ ಹಳೇ ಡೈರಿಯಲ್ಲಿ ಹಾಗೇ ಇದೆ, ಒಂದಕ್ಷರ ಸೇರಿಸಿ ಹೇಳ್ತಿಲ್ಲ. ಯಾಕೆ ನಗ್ತೀಯ? ಕಾರಿನ ಕೆಳಗೆ ಮಲಗಿ ನಕ್ಕರೆ ಅತ್ತೆಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ನಿನ್ನ ಕಾಲ್ಬೆರಳು ಕುಣಿಯುತ್ತೆ ಕಣೇ.

ನಗು, ಪರವಾಗಿಲ್ಲ. ಸವತಿ ಬಂದ ದಿನಾನ ಯಾವ ಹೆಂಗಸೂ ಮರೆಯಲ್ಲ. ನನ್ನದು ನಾಲ್ಕು ಚಕ್ರದ ಸವತಿ, ಅಷ್ಟೇ.

ಏನು? ಹತ್ತನೇ ನಂಬರ್ ಸ್ಪ್ಯಾನರಾ? ತಗೋ. ನೋಡದೇ ಕೊಟ್ಟೆ ನೋಡು. ಇಷ್ಟು ವರ್ಷ ಪಕ್ಕದಲ್ಲಿ ನಿಂತು ಕೊಟ್ಟಿದ್ದೀನಿ... ಕೊಟ್ಟಿದ್ದೀನಿ ಅಷ್ಟೇ. ಒಂದು ದಿನ, ಒಂದೇ ಒಂದು ದಿನ, ‘ಬಾ, ನೀನೇ ತಿರುಗಿಸು’ ಅಂದವರಲ್ಲ ನಿಮ್ಮ ಮಾವ. ‘ಟಾರ್ಚ್ ಹಿಡಿ. ಅಲ್ಲಲ್ಲ, ಇಲ್ಲಿ ಹಿಡಿ. ಕೈ ನಡುಗಿಸಬೇಡ.’ ಭೌತಶಾಸ್ತ್ರದಲ್ಲಿ ಮೊದಲ ದರ್ಜೆ ತಗೊಂಡವಳು ನಾನು. ಕಾಲೇಜಿನ ಗೋಡೆ ಮೇಲೆ ಬಣ್ಣದಲ್ಲಿ ಹೆಸರು ಬರೆದಿದ್ರು. ಮದುವೆಯಾಗಿ ಬಂದು ಆದದ್ದು ದೀಪದ ಕಂಬ.

ಅವರ ಮಂಡಿ ಕೆಟ್ಟಾಗ, ದೇವರಾಣೆ, ಈಗಲಾದರೂ ನನ್ನನ್ನ ಕರೀತಾರೆ ಅಂದ್ಕೊಂಡೆ. ಕರೆದದ್ದು ಯಾರನ್ನ? ನಿನ್ನನ್ನ. ‘ಹಲ್ಲಿನ ಡಾಕ್ಟರು, ಕೈ ಸೂಕ್ಷ್ಮ’ ಅಂತ. ಬಂದು ಇನ್ನೂ ಎರಡು ವರ್ಷ ಆಗಿಲ್ಲ, ಆಗಲೇ ನಿನ್ಗೆ ‘ಮೇಸ್ತ್ರಿ’ ಅಂತ ಬಿರುದು. ‘ಮೇಸ್ತ್ರಿ ಬಂದ್ಳಾ? ಮೇಸ್ತ್ರಿಗೆ ಕಾಫಿ ಕೊಡು.’ ಕೊಟ್ಟೆ. ಕಾಫಿ ಕೊಡೋಕೆ ನಾನು, ನಗೋಕೆ ನೀವಿಬ್ಬರು. ಈ ಶೆಡ್ಡಿನಿಂದ ಅಡುಗೆಮನೆಗೆ ನಗು ಕೇಳಿಸುತ್ತೆ ಕಣೇ, ಮಾತು ಕೇಳಿಸಲ್ಲ. ಅದೇ ಕಷ್ಟ. ಒಂದು ದಿನ ಜೋಕು ಏನು ಅಂತ ಕೇಳಿದೆ. ‘ನಿನ್ಗೆ ಗೊತ್ತಾಗಲ್ಲ ಬಿಡು, ಇದು ಬೋಲ್ಟಿನ ವಿಷಯ’ ಅಂದ್ರು.

ಹೊಟ್ಟೆಕಿಚ್ಚಾ? ನನಗಾ? ಸೊಸೆ ಮೇಲೆ? ಥೂ. ಆ ಬೋಲ್ಟಿಗೆ ಇನ್ನೊಂದು ಸ್ವಲ್ಪ ಎಣ್ಣೆ ಬಿಡು, ತುಕ್ಕು ಹಿಡಿದಿರುತ್ತೆ.

ಆಯಿಲ್ ಪೂರ್ತಿ ಇಳೀತಾ? ಇಳಿಯೋಕೆ ಉಳಿದಿದ್ರೆ ತಾನೆ. ಗುರುವಾರ ಬೆಳಿಗ್ಗೆ ನೋಡಿದಾಗ ಶೆಡ್ಡಿನ ನೆಲವೆಲ್ಲ ಕಪ್ಪು. ನಿಮ್ಮ ಮಾವ ಕೋಲು ಊರಿಕೊಂಡು ಬಗ್ಗಿ ನೋಡಿ, ‘ಚೇಂಬರ್ ಹೋಯ್ತು’ ಅಂದ್ರು. ಮನೆಯಲ್ಲಿ ಯಾರೋ ಹೋದ ಹಾಗೆ ಮುಖ. ಎಂಜಿನ್ನಿನ ಆಯಿಲೆಲ್ಲ ನಿಲ್ಲೋ ಬಾಣಲೆ ಅದು, ಅದು ಒಡೆದರೆ ಇನ್ನೇನು ಉಳೀತು... ‘ಕೊನೇ ಸಲ ಓಡಿಸಿದ್ದು ಯಾರು?’ ಅಂದ್ರು. ನೀನು. ನೀನೇ ತಾನೆ, ಬುಧವಾರ ಕ್ಲಿನಿಕ್ಕಿನಿಂದ ತಂದು ನಿಲ್ಲಿಸಿದವಳು? ನಾನು ಹೇಳಿದ್ದು ಇಷ್ಟೇ, ಗೇಟಿನ ಹತ್ತಿರ ಕಲ್ಲು ಬಡಿದ ಹಾಗೆ ಸದ್ದು ಕೇಳಿಸ್ತು ಅಂತ. ಕೇಳಿಸ್ತು, ಹೇಳಿದೆ. ಕಿವಿಗೆ ಬಿದ್ದದ್ದನ್ನ ಹೇಳಬಾರದಾ?

ಅವರು ಬೀಗದ ಕೈ ಕಿತ್ಕೊಂಡು ಜೇಬಿಗೆ ಹಾಕ್ಕೊಳ್ತಾರೆ ಅಂತ ನಾನೇನು ಕನಸು ಕಂಡಿದ್ನಾ? ನಾಳೆ ಗುಜರಿಯವನು ಬಂದು ಎತ್ತಿಕೊಂಡು ಹೋಗಲಿ ಅಂತಾರೆ. ನಿನ್ನ ಮುಖ ನೋಡಲ್ಲ, ನೀನು ಬಡಿಸಿದರೆ ತಟ್ಟೆ ಸರಿಸ್ತಾರೆ. ಅಷ್ಟೆಲ್ಲ ಮಾಡಬಾರದಿತ್ತು. ನಾನು ಹೇಳಿದೆ, ‘ಕಲ್ಲಿಗೆ ಕಣ್ಣಿರುತ್ತಾ, ಬಿಡಿ’ ಅಂತ. ಕೋಲು ಎತ್ಕೊಂಡು ಎದ್ದು ಹೋದ್ರು.

ಅದಕ್ಕೇ ಶೆಡ್ಡಿಗೆ ಬಂದೆ. ಬೆಳಿಗ್ಗೆಯಿಂದ ಒಬ್ಬಳೇ ಒದ್ದಾಡ್ತಿದ್ದೀಯ, ಇವತ್ತೇ ಹೊಸ ಚೇಂಬರ್ ಕೂರಿಸಿ, ಕಪಾಟಿನಲ್ಲಿರೋ ಇನ್ನೊಂದು ಬೀಗದ ಕೈ ಹಾಕಿ ಗಾಡಿ ಸ್ಟಾರ್ಟ್ ಮಾಡಿ ಅವರಿಗೆ ಕೇಳಿಸಬೇಕು ಅಂತ. ಪಾಪ ಅನ್ನಿಸ್ತು. ಅತ್ತೆಗೆ ಪಾಪ ಅನ್ನಿಸಬಾರದಾ? ಯಾಕೆ ಹಾಗೆ ಕತ್ತು ಹೊರಗೆ ಹಾಕಿ ನೋಡ್ತೀಯ... ಕೆಲಸ ನೋಡು.

ಬೋಲ್ಟೆಲ್ಲ ಬಂತಾ? ಮತ್ಯಾಕೆ ಬೀಳ್ತಿಲ್ಲ? ಸಂದಿನಲ್ಲಿರೋ ಹಳೇ ಪ್ಯಾಕಿಂಗು ಅಂಟಿರುತ್ತೆ, ರಬ್ಬರ್ ಸುತ್ತಿಗೆ ತಗೋ. ಮೆಲ್ಲಗೆ. ಸುತ್ತಲೂ ತಟ್ಟು, ಒಂದೇ ಕಡೆ ಅಲ್ಲ. ನೋಡಿದ್ಯಾ, ನನಗೂ ಗೊತ್ತು. ಯಾರೂ ಕೇಳಲ್ಲ, ಅಷ್ಟೇ.

ಹಾಂ, ಬಂತು. ಕೊಡು ಇತ್ತ, ಹೊರಗೆ ಎಸೆದು ಬರ್ತೀನಿ. ಮೊದಲೇ ಕೊಳಕು... ಕೊಡೇ. ಅದನ್ನೇನು ಒರೆಸ್ತೀಯ? ಎಸೆಯೋ ಸಾಮಾನನ್ನ ಯಾರಾದರೂ ಒರೆಸ್ತಾರಾ? ಹುಳುಕು ಹಲ್ಲು ನೋಡೋ ಹಾಗೆ ನೋಡ್ತಿದ್ದೀಯಲ್ಲ.

ಕಲ್ಲೇ ಹೊಡೆದದ್ದು. ಕಲ್ಲಲ್ಲದೆ ಮತ್ತೇನು? ಗೀರಿಲ್ಲದಿದ್ದರೆ ಏನಾಯ್ತು, ಎಲ್ಲಾ ಕಲ್ಲೂ ಗೀರುತ್ತಾ? ಕೆಲವು ಒತ್ತುತ್ತವೆ. ದುಂಡಗಿದ್ದರೆ ದುಂಡಗೆ ಒತ್ತುತ್ತವೆ. ಸುತ್ತ ಹಲ್ಲು ಹಲ್ಲಾಗಿ ಇದ್ದರೆ... ಇರುತ್ತೆ, ಕಲ್ಲು ಏನೇನೋ ಆಕಾರದಲ್ಲಿ ಇರುತ್ತೆ.

ಎಲ್ಲಿಗೆ ಎದ್ದೆ? ಆ ಜಾಕಿ ಯಾಕೆ ಎಳ್ಕೊಂಡು ಬರ್ತಿದ್ದೀಯ? ಗಾಡಿ ಸ್ಟ್ಯಾಂಡಿನ ಮೇಲೆ ಭದ್ರವಾಗೇ ಇದೆಯಲ್ಲ, ಈಗ ಜಾಕಿ ಯಾಕೆ... ಅದರ ತಲೆ ಮೇಲಿನ ಬಟ್ಟಲನ್ನ ಚೇಂಬರಿನ ಆ ತಗ್ಗಿಗೆ ಯಾಕೆ ಇಡ್ತೀಯ?

ಸರಿಯಾಗಿ ಕೂತ್ಕೊಳ್ತಾ?

...

ಏನಾದರೂ ಅನ್ನು. ಬಾಯಿ ತೆರೆಸಿ ಮಾತು ನಿಲ್ಲಿಸೋದು ನಿನ್ನ ಕಸುಬು, ಗೊತ್ತು, ಆದರೆ ನಾನೇನು ನಿನ್ನ ಕುರ್ಚಿ ಮೇಲೆ ಕೂತಿಲ್ಲ. ಬೈಯಿ. ಇಲ್ಲ ನಗು. ಸುಮ್ಮನೆ ಜಾಕಿ ನೋಡ್ಕೊಂಡು ಕೂರಬೇಡ.

ಬುಧವಾರ ಸಂಜೆ. ಅವರ ಮಂಡಿ ವ್ಯಾಯಾಮಕ್ಕೆ ನೀನು ಕೈ ಹಿಡಿದು ನಡೆಸ್ಕೊಂಡು ಹೋದ್ಯಲ್ಲ, ಆಗ. ಎಡಗಡೆ ಮುಂದಿನ ಚಕ್ರ ಬಿಚ್ಚಬೇಕು ಅಂತ ಅವರು ನಿನ್ಗೆ ಹೇಳ್ತಾ ಹೋದ್ರು, ಬೀದಿ ತಿರುವಿನವರೆಗೂ ಅದೇ ಮಾತು. ನೀವು ಬರೋಷ್ಟರಲ್ಲಿ ಚಕ್ರ ಬದಲಾಯಿಸಿ, ಕೈ ತೊಳೆದು, ಏನೂ ಆಗದವಳ ಹಾಗೆ ಬಾಗಿಲಲ್ಲಿ ನಿಂತಿರೋಣ ಅಂತ ಆಸೆ ಆಯ್ತು. ‘ಯಾರು ಮಾಡಿದ್ದು?’ ಅಂತ ಅವರು ಕೇಳಬೇಕಿತ್ತು. ಒಂದು ಸಲ.

ಜಾಕಿಯನ್ನ ನಾನು ಎಲ್ಲೆಂದರಲ್ಲಿ ಸುಮ್ಮನೆ ಕೊಡಲಿಲ್ಲ. ಯೋಚಿಸಿದೆ. ಮುಂದಿನ ಭಾರವೆಲ್ಲ ಎಂಜಿನ್ನಿಂದು, ಹಾಗಾದರೆ ಎಂಜಿನ್ನಿನ ನಟ್ಟನಡುವೆ ಎತ್ತಿದರೆ ಸಮತೋಲ. ಪುಸ್ತಕದ ಪ್ರಕಾರ ತಪ್ಪೇ ಇಲ್ಲ. ಬಗ್ಗಿ ನೋಡಿದರೆ ಅಲ್ಲೇ ಅಗಲವಾಗಿ, ಸಮತಟ್ಟಾಗಿ, ಇದಕ್ಕೇ ಮಾಡಿಟ್ಟ ಹಾಗೆ... ಅದು ಬರೀ ತಗಡು, ಒಳಗೆ ಆಯಿಲ್ ಬಿಟ್ಟರೆ ಏನೂ ಇಲ್ಲ ಅಂತ ಯಾರು ಹೇಳಿದ್ರು ನನಗೆ? ನಿನ್ಗೆ ಹೇಳಿದ್ರು. ನನಗೆ ಯಾರು ಹೇಳಿದ್ರು?

ಎರಡು ಸಲ ಒತ್ತಿದೆ. ‘ಕರಕ್’ ಅಂತು. ಇಳಿಸಿಬಿಟ್ಟೆ. ಒಂದು ಹನಿಯೂ ಬೀಳಲಿಲ್ಲ ಆಗ, ಏನೂ ಆಗಿಲ್ಲ ಅಂತಲೇ ಮಲಗಿದೆ. ಬೆಳಿಗ್ಗೆ ಅವರು ‘ಯಾರು?’ ಅಂದಾಗ ನಾನು ಬಾಯಿ ತೆರೆದದ್ದು ಹೇಳೋಕೇ. ಅಷ್ಟರಲ್ಲಿ ಅವರು ತಿರುಗಿ ನಿನ್ನ ಕಡೆ ನೋಡಿದ್ರು, ಆ ಕೋಪದಲ್ಲಿ... ಮೊದಲ ಸಲ ನಿನ್ನನ್ನ ‘ಮೇಸ್ತ್ರಿ’ ಅನ್ನಲಿಲ್ಲ. ಅದು ಕೇಳೋಕೆ ಹಿತವಾಗಿತ್ತು. ಹೌದು, ಹಿತವಾಗಿತ್ತು. ಕಲ್ಲಿನ ಸದ್ದು ಆಮೇಲೆ ತಾನಾಗೇ ಬಾಯಿಗೆ ಬಂತು.

ಮತ್ತೇನು ಹುಡುಕ್ತಿದ್ದೀಯ?

ಒಳಗೆ ಹೋಗಿ ಹೇಳಿಬಿಡ್ತೀಯ ಅಂದ್ಕೊಂಡೆ. ಹೊಸ ಪ್ಯಾಕಿಂಗ್ ಬಿಚ್ತಿದ್ದೀಯ. ಹೇಳಲ್ಲ ನೀನು. ಯಾವತ್ತೂ ಹೇಳಲ್ಲ, ಅಲ್ವಾ? ತಪ್ಪು ನಿನ್ನ ಮೇಲೇ ಇಟ್ಕೊಂಡು ಅವರ ಎದುರು ನಿಂತ್ಕೊಳ್ತೀಯ, ಅತ್ತೆ ಮಾನ ಉಳಿಸಿದೆ ಅಂತ. ಅದು ಬೇಡ. ಬೀಗದ ಕೈ ನಿನ್ಗೆ ವಾಪಸ್ ಬಂದರೆ ತಡ್ಕೋತೀನಿ, ನಿನ್ನ ಈ ಒಳ್ಳೇತನ ತಡ್ಕೊಳ್ಳೋಕೆ ಆಗಲ್ಲ ನನಗೆ.

ಕೊಡು ಆ ಹಳೇ ಚೇಂಬರ್. ಸೀರೆ ಹಾಳಾದರೆ ಆಗಲಿ. ನಾನೇ ತಗೊಂಡು ಹೋಗಿ ಅವರ ಮುಂದೆ ಇಡ್ತೀನಿ.

ಆದ ಖರ್ಚು ಇಷ್ಟು: ಒಂದು ಚೇಂಬರು, ಒಂದು ಪ್ಯಾಕಿಂಗು, ನಾಲ್ಕು ಲೀಟರ್ ಆಯಿಲು, ನಿನ್ನದೊಂದು ರಜೆ. ಗುರುವಾರದಿಂದ ಅವರು ನಿನ್ನ ಜೊತೆ ಆಡದ ಮಾತು. ಇನ್ನು ನನ್ನ ಜೊತೆ ಎಷ್ಟು ದಿನ ಆಡಲ್ವೋ, ಅದೂ.