ಅತ್ತೆ ಹಡಗಿನಲ್ಲಿ

ವರ್ತೂರಿನ ಬೇಕರಿ ಮುಂದೆ, ನನ್ನ ಪಕ್ಕದಲ್ಲೇ, ಒಂದೇ ಮನೆಯ ಇಬ್ಬರು ಸೊಸೆಯರು ಟೀ ಕುಡಿಯುತ್ತಿದ್ದರು.

“ಟೂರ್ ಹಡಗಿಂದ ಅತ್ತೆ ಫೋನ್ ಮಾಡಿದ್ರಾ, ವೇಣಿ?”

“ಮಾಡಿದ್ರು ಅಕ್ಕ. ಚಂಡಮಾರುತಕ್ಕೆ ಹಡಗು ಓಲಾಡ್ತಿದೆ ಅಂತ ಒಂದೇ ಅಳು.”

“ಈ ಸೀಸನ್ನಲ್ಲಿ ಯಾಕೆ ಕಳಿಸಿದ್ರಿ ಅಂತ ಬೈದ್ರಾ?”

“ಎಲ್ಲಿ? ಸೊಸೆಯರೇ ಕಳಿಸಿದ್ದು ಅಂತ ಹಡಗಲ್ಲೆಲ್ಲ ಹೆಮ್ಮೆಯಿಂದ ಹೇಳ್ಕೊಂಡು ತಿರುಗ್ತಿದಾರೆ.”

“ಇಲ್ಲಿದ್ದಿದ್ರೆ ಮನೆ ಪಕ್ಕದ ಮಾವನ ಸಮಾಧಿ ಒಡೆಯೋಕೆ ಬಿಡ್ತಿದ್ರಾ? ನಮ್ಮ ಪಿಜಿ ಹುಡುಗ್ರು ಬೈಕ್ ಎಲ್ಲಿ ನಿಲ್ಲಿಸ್ಬೇಕು?”

“‘ಸಮಾಧಿಗೆ ದೀಪ ಇಕ್ಕವ್ವ, ನಿಮ್ಮಾವನೇ ನನ್ನ ಕಾಪಾಡ್ಬೇಕು’ ಅಂದ್ರು. ಹಚ್ಚಿದೀನಿ ಅಂದೆ.”

“ಜೆಸಿಬಿ ಸದ್ದು ಕೇಳಿಸ್ಲಿಲ್ವಾ?”

“ಕೇಳಿಸ್ತು. ಗುಡುಗು ಅಂದೆ.”

“ಅದಕ್ಕೆ?”

“‘ಅಯ್ಯೋ, ಅಲ್ಲೂ ಮಳೆನಾ? ಉಸಾರು ಕಣ್ರವ್ವ, ಯಾರೂ ಆಚೆ ಓಗ್ಬೇಡಿ’ ಅಂದ್ರು.”

ನಗು ತಡೆಯಲಾರದೆ ಇಬ್ಬರೂ ಲೋಟ ಇಟ್ಟು ರಸ್ತೆ ದಾಟಿದರು.