ಗೋಧಿ ಹೊಲದಲ್ಲಿ ದೋಣಿ ಎಳೆದವರು

ಚರ್ಚಿನ ಊಟ ಮುಗಿಸಿ ಗೇಲನ್ ಟ್ವೈಟ್ ಹಾಳು ಬಾವಿ ದಾಟುವಾಗ ರಾತ್ರಿ ಹತ್ತೂವರೆ. ಗೇಲನ್ ನಮ್ಮ ಚಿಕ್ಕಪ್ಪನ ಮಗ, ಹಾಗಾಗಿ ಇದು ಎಲ್ಲೋ ಕೇಳಿದ ಕತೆ ಅಲ್ಲ. ಸಿಟ್ಟಲ್ಲಿ ಒಬ್ಬನೇ ಗೊಣಗ್ತಾ ಬರ್ತಿದ್ದ.

ಗೊಣಗದೇ ಏನು ಮಾಡ್ತಾನೆ... ಇನ್ನೂರು ವರ್ಷದ ಹಿಂದೆ ಮಿಸೂರಿ ಹೊಳೆ ಹಿಡಿದು, ಬೆಟ್ಟ ಹತ್ತಿಳಿದು, ಪಶ್ಚಿಮದ ಸಮುದ್ರ ಮುಟ್ಟಿದ ತಂಡದ ದಾರಿ ಹುಡುಕೋದೇ ಅವನ ಗೀಳು. ಹನ್ನೊಂದು ವರ್ಷದಿಂದ. ಆ ತಂಡದ ನಾಯಕರು ಸೀನಿದ್ದು ಯಾವ ದಿನ ಅಂತ ಕೇಳಿ, ಹೇಳ್ತಾನೆ. ದಡದ ಮೇಲಿಂದ ಹಗ್ಗ ಕಟ್ಟಿ ದೋಣಿ ಎಳೆದ ಆಳುಗಳ ಬಗ್ಗೆ ಕೇಳಿದ್ರೆ, "ಅವರಾ? ಎತ್ತುಗಳು" ಅಂತಿದ್ದ.

ತಂಡ ನಮ್ಮೂರಲ್ಲಿ ತಂಗಿದ ಜಾಗ ಅಂತ ಈಗಿನ ಹೊಳೆಯ ತಿರುವನ್ನ ಇವನೇ ತೋರಿಸಿದ್ದ. ಅಲ್ಲಿ ಕಲ್ಲು ನೆಟ್ಟಾಗಿತ್ತು, ಇವನ ಹೆಸರೂ ಕೆತ್ತಿತ್ತು. ಬೆಳಗಾದ್ರೆ ಸಮಾರಂಭ. ಅಂಥಾ ಹೊತ್ತಲ್ಲಿ ಊಟದ ಮೇಜಲ್ಲಿ ಪಕ್ಕದ ಹೊಲದ ಬೋರ್ಗಿಲ್ಡಜ್ಜಿ ಬಾಯಿ ತೆಗೆದಳು.

"ಆಗ ಹೊಳೆ ಅಲ್ಲಿರಲಿಲ್ಲ ಕಣೋ. ನನ್ನ ಗೋಧಿ ಹೊಲದಲ್ಲಿ ಹರೀತಿತ್ತು. ಆಮೇಲೆ ಸರೀತು."

"ಅಜ್ಜಿ, ನೀವು ಆಲೂಗಡ್ಡೆ ಸುಲೀರಿ. ನಕ್ಷೆ ನನಗೆ ಬಿಡಿ."

"ಹೂಂ. ಹೊಳೆಗೂ ಹೇಳ್ಬಿಡಪ್ಪ, ನಿನ್ನ ನಕ್ಷೆ ಬಿಟ್ಟು ಕದಲಬೇಡ ಅಂತ."

ಮೇಜಿನವರೆಲ್ಲ ನಕ್ಕರು. ಅಜ್ಜಿ ಹೇಳಿದ್ದು ನಿಜ ಆದ್ರೆ ಹನ್ನೊಂದು ವರ್ಷ ಮಣ್ಣುಪಾಲು. ಅದು ಅವನಿಗೂ ಗೊತ್ತಿತ್ತು, ಹೆದರಿಕೆನೂ ಆಗಿತ್ತು.

ಬಾವಿ ದಾಟಿ ಅಜ್ಜಿಯ ಹೊಲಕ್ಕೆ ಬಂದ. ಕೊಯ್ಲಾಗಿತ್ತು, ಬರೀ ಒಣ ಕೂಳೆ. ಗಾಳಿ ಇಲ್ಲ... ಆಗ ಕೇಳಿಸ್ತು.

ಕಿರ್ರ್... ಕಿರ್ರ್... ಒದ್ದೆ ಹಗ್ಗ ಬಿಗಿಯೋ ಸದ್ದು. ಪಚಕ್... ಪಚಕ್... ಕೆಸರಿಂದ ಕಾಲು ಕೀಳೋ ಸದ್ದು. ಹಲಗೆಗೆ ನೀರು ಬಡಿಯೋದು, ಟಪ್... ಟಪ್... ಒಣ ಹೊಲದಲ್ಲಿ!

ಸದ್ದು ಅವನೆದುರೇ ಬಂದು ನಿಂತಿತು. ಯಾರೂ ಕಾಣ್ತಿಲ್ಲ. ಬೆವರಿನ ನಾತ ಮಾತ್ರ.

"ಯಾರೋ ಇವ್ನು?" ಪಿಸುಮಾತು.

"ನಾವು ಮಲಗಿದ ಜಾಗ ಬರ್ಕೊಳ್ಳೋನಂತೆ."

"ಎಳ್ದಿದ್ದಾನಾ?"

"ಎಲ್ಲಿ... ಮೂಸಿ ನೋಡು, ಬರೀ ಸೋಪಿನ ವಾಸನೆ."

ಯಾರೋ ಥೂ ಅಂತ ಉಗಿದ್ರು. "ಕೊಡು ಅವನ ಕೈಗೆ."

ಅಂಗೈಗೆ ಹಗ್ಗ ಬಂತು. ತಣ್ಣಗೆ, ಹೆಬ್ಬೆರಳ ದಪ್ಪ. ಬಿಡೋಕೆ ನೋಡಿದ... ಬೆರಳು ಬಿಚ್ಚಲಿಲ್ಲ. ಎಳೆದ. ಕೂಗೋಣ ಅಂದ್ರೆ ಉಸಿರಿಲ್ಲ. ಮೊಣಕಾಲುದ್ದ ನೀರು ಕಾಲಿಗೆ ತಾಗುತ್ತೆ, ಕಣ್ಣಿಗೆ ಕಾಣಲ್ಲ. ಅವನು ನಿಂತ್ರೆ ಹಿಂದಿನಿಂದ ಯಾರೋ ಮೆಲ್ಲಗೆ, "ಎತ್ತು ನಿಂತಿತು ನೋಡ್ರೋ" ಅಂತಿದ್ರು. ಬೆಳಕು ಹರಿಯೋ ತನಕ ಎಳೆದ.

ಹತ್ತು ಗಂಟೆಗೆ ಊರೆಲ್ಲ ಕಲ್ಲಿನ ಹತ್ತಿರ ಸೇರಿತ್ತು. ಮೇಯರಮ್ಮ ರಿಬ್ಬನ್ ಕತ್ತರಿಸೋಕೆ ಕತ್ತರಿ ಕೊಟ್ರು. ಗೇಲನ್ ತಗೊಳ್ಳಲಿಲ್ಲ.

"ಕಲ್ಲು ತಪ್ಪು ಜಾಗದಲ್ಲಿದೆ," ಅಂದ. "ಅಜ್ಜಿ ಹೇಳಿದ್ದೇ ಸರಿ. ನನ್ನ ಹೆಸರು ಕೆತ್ತಿ ತೆಗೀರಿ."

ಕೆಲವರು ಕಿಸಕ್ಕಂತ ನಕ್ಕರು. ಅಜ್ಜಿ ನಗಲಿಲ್ಲ, ಹತ್ತಿರ ಹೋಗಿ ಅವನ ಕೈ ಹಿಡಿದು ತಿರುಗಿಸಿದಳು.

ಅವನು ವಿಮೆ ಕಚೇರೀಲಿ ಕೂತು ಕೆಲಸ ಮಾಡೋನು. ಎರಡೂ ಅಂಗೈಯಲ್ಲಿ ಹಳದಿ ದಡ್ಡು ಕಟ್ಟಿತ್ತು, ಒಂದು ರಾತ್ರಿಯದ್ದಲ್ಲ, ವರ್ಷಗಟ್ಟಲೆ ಹಗ್ಗ ಹಿಡಿದವನದ್ದು. ಈಗ್ಲೂ ಇದೆ. ನಾನೇ ಮುಟ್ಟಿ ನೋಡಿದ್ದೀನಿ.