ಬ್ಲ್ಯಾಕ್ ಮುಟ್ಟದ ಬಿಳಿ ಚೆಂಡು

...ತಿನ್ನಣ್ಣ, ಆರೋಗ್ತೈತೆ! ಗೆದ್ರೂ ಸೋತ್ರೂ ವಾಪಸ್ ಬರುವಾಗ ಬಿಡದೀಲಿ ಇಳಿದು ತಟ್ಟೆ ಇಡ್ಲಿ ತಿನ್ನೋದು ಅಂತ ನೀನೇ ತಾನೆ ಹೇಳಿದ್ದು? ಬೆಣ್ಣೆ ಪೂರ್ತಿ ಕರಗೋಯ್ತು. ನನ್ನ ಮುಖ ಯಾಕೆ ನೋಡ್ತೀಯಾ, ಇಡ್ಲಿ ನೋಡು. ಇಡ್ಲಿ ನನಗಿಂತ ಬೆಳ್ಳಗೈತೆ!

ನಗಲಿಲ್ಲ. ಸರಿ ಬುಡು.

ನಾನು ಹೇಳ್ತೀನಿ ಕೇಳು ಆಫ್ತಾಬಣ್ಣ. ತಪ್ಪೆಲ್ಲ ಆ ಸ್ನೂಕರ್ ಕ್ಲಬ್ಬಿನೋರದ್ದೇ. ಎಸಿ ಕೆಟ್ಟೋಗಿತ್ತಲ್ಲ, ಆ ಲೈಟಿನ ಕೆಳಗೆ ಕೋಳಿ ಇಟ್ಟಿದ್ರೆ ಬೆಂದೋಗದು! ಆ ರೆಫ್ರಿ ಬೂಟು ಬೇರೆ, ಕಿರ್ರ್ ಕಿರ್ರ್ ಅಂತ. ನಿನ್ನೆದುರಿಗೆ ಆಡ್ದೋನು ಬೇಕಂತ್ಲೇ ಕೆಮ್ಮಿದ, ನಾನು ನೋಡ್ದೆ. ಇಲ್ದಿದ್ರೆ ಆ ಬ್ಲ್ಯಾಕ್ ಚೆಂಡು... ಟೇಬಲ್ ಮೇಲೆ ಉಳಿದಿದ್ದೇ ಅದೊಂದು, ತೂತಿನ ಬಾಯಲ್ಲೇ ನಿಂತಿತ್ತು. ನಮ್ಮಜ್ಜಿ ಊರುಗೋಲಲ್ಲಿ ತಳ್ಳಿದ್ರೂ ಬೀಳೋದು!

...ಅದು ಹೇಳಬಾರದಿತ್ತು. ಬೇಜಾರಾಗಬೇಡ.

ಅಗೋ ಫೋನು. ಬಾಬಾಜಾನ್ ಚಾಚಾ. ನಿಮ್ಮಪ್ಪಂಗೂ ತಡೆಯಲ್ಲ ನೋಡು. ಎತ್ತಬೇಡ ತಾಳು, ನಾನೇ ರೇಷ್ಮೆಗೂಡಿನ ಬ್ರೋಕರ್ ಥರ ಮಾತಾಡ್ಲಾ? 'ಸಾಬ್, ಮಾರ್ಕೆಟ್‌ನಾಗೆ ನಿಮ್ಮ ಗೂಡಿನಿಂದ ಚಿಟ್ಟೆ ಎದ್ದೋಗ್ತಾ ಅವೆ, ಬೇಗ ಬನ್ನಿ!' ಹೋದ್ಸಲ ಚಪ್ಪಲಿ ಹಾಕ್ಕೊಳ್ದೆ ಓಡಿ ಬಂದಿದ್ರಲ್ಲ ಚಾಚಾ... ಬ್ಯಾಡ್ವಾ? ಆಯ್ತು. ಬಡ್ಕೊಳ್ಲಿ ಬುಡು.

ಅದೇನದು ಬೆರಳಿಗೆ ಸುತ್ತೋದು, ಬಿಚ್ಚೋದು? ವಾಪಸ್ ಬರೋ ಟ್ರೈನಲ್ಲೂ ಅದನ್ನೇ ಮಾಡ್ತಿದ್ದೆ. ಹುಲ್ಲಾ? ಬಿಸಾಕಣ್ಣ.

ನೋಡು, ಈ ಜಿಲ್ಲೇಲಿ ನಿನ್ನಂಥ ಕೈ ಯಾವನಿಗೈತೆ? ಬಿಸಿನೀರಲ್ಲಿ ಬೇಯೋ ಗೂಡಿಂದ ರೇಷ್ಮೆ ಎಳೆ ಹುಡುಕಿ ಎತ್ತಿದ ಬೆರಳು ಕಣಣ್ಣ ಅದು! ಹದಿನಾರಕ್ಕೇ ಸ್ಟೇಟ್ ಜೂನಿಯರ್ ಗೆದ್ದೆ. ಐಜೂರು ಸರ್ಕಲಲ್ಲಿ ಫ್ಲೆಕ್ಸು! ನೀನು ಆಳೆತ್ತರ, ಕೆಳಗೆ ಮೂಲೇಲಿ ನಾನು, ಸ್ಟಾಂಪ್ ಸೈಜು, 'ಶುಭ ಕೋರುವವರು: ದೀಪು'. ಆಮೇಲೆ ನ್ಯಾಷನಲ್ಲಿಗೆ ಹೋದೆ, ಮೊದಲ್ನೇ ರೌಂಡಲ್ಲೇ ಮನೆಗೆ ಬಂದೆ. ಮಾರನೇ ವರ್ಷಾನೂ ಅಂಗೇ ಆಯ್ತು. ಕೈ ನಡುಗೋಕೆ ಶುರುವಾಯ್ತು. ನಮ್ಮೂರ ಸ್ನೂಕರ್ ಪಾರ್ಲರಲ್ಲಿ ಚಿಲ್ಟೂಪಿಲ್ಟೂಗಳೆಲ್ಲ ನಿನ್ನ ಸೋಲಿಸಿದ್ವು. ಚಾಚಾ ಆ ಫ್ಲೆಕ್ಸ್ ಬಿಚ್ಕೊಂಡೋಗಿ ಗೂಡಿನ ಮೂಟೆ ಮೇಲೆ ಹೊದಿಸಿದ್ರು. 'ಚಾಂಪಿಯನ್ನು ಮಳೇಲಿ ನೆನೀತಾವ್ನೆ' ಅಂತ ನಾನು ಊರೆಲ್ಲ ನಗಿಸಿದ್ದೆ. ನೀನೂ ನಕ್ಕಿದ್ದೆ ಆವಾಗ... ನಕ್ಕಿದ್ದೆ ತಾನೆ?

ಅಲ್ಲಿಂದ ಎದ್ದು ಬಂದೆಯಲ್ಲ, ಅದು ದೊಡ್ಡದು. ಇವತ್ತು ಗೆದ್ರೆ ಸ್ಟೇಟ್ ಟೀಮು, ಸೋತ್ರೆ ಆಟ ಬುಟ್ಟು ಗೂಡು ಬೇಯಿಸೋ ಬಾಣಲೆ ಮುಂದೆ ಕೂರ್ತೀನಿ ಅಂತ ಚಾಚಾಗೆ ಮಾತು ಬೇರೆ ಕೊಟ್ಟೆ. ಯಾರ್ ಕೊಡು ಅಂದಿದ್ರು? ಇನ್ನೊಂದು ಚಾನ್ಸ್ ಕೇಳು. ಒಪ್ತಾರೆ. ಒಪ್ಪಲ್ವಾ?

ಏ... ಕ್ಯೂ ಕೋಲಿನ ಕೇಸ್ ಯಾಕೆ ತೆಗೀತಿದೀಯ? ಚಟ್ನಿ ಬೀಳ್ತದೆ. ಕ್ಯೂಗೆ ಏನಾಗೈತೆ? ಏನೂ ಆಗಿಲ್ಲ. ನಡುವಿನ ತಿರುಪು ಲೂಸಾಗೈತೆ ಅಂತ ನೀನಂದೆ, ನೆನ್ನೆ ಚನ್ನಪಟ್ಟಣದಲ್ಲಿ ನಮ್ಮ ಮುನಿಶಾಮಯ್ಯ ಮಾವನ ಗೊಂಬೆ ಅಂಗಡೀಲಿ ಬಿಗಿ ಮಾಡಿಸಿ ತಂದೆ. ಅಷ್ಟೇ. ಅಷ್ಟೇ ಕಣಣ್ಣ! ಕೈ ಬೆವರಿತ್ತು, ಅದುಕ್ಕೆ ಕ್ಯೂ ಬೆರಳಲ್ಲಿ ಅಂಟ್ಕೊಂಡು ಬಿಳಿ ಚೆಂಡು ಅರ್ಧಕ್ಕೇ ನಿಂತೋಯ್ತು. ರೆಫ್ರಿ ಬಂದು ಏನಾಯ್ತು ಅಂತ ಕೇಳ್ದಾಗ ನೀನೇ ಅಂದ್ಯಲ್ಲ, 'ನಂದೇ ಕೈ ಬೆವರು ಸಾರ್' ಅಂತ. ಎಲ್ರೂ ಕೇಳಿಸ್ಕೊಂಡವ್ರೆ!

ಏನು? ಈ ಹುಲ್ಲನ್ನ ನಾನು ಹಿಡೀಬೇಕಾ? ಕೊಡು.

...

ಹುಲ್ಲಲ್ಲ ಇದು.

ತಾಳೆಗರಿ ಚೂರು. ಎಲ್ಲಿ ಸಿಕ್ತಣ್ಣ? ಕೇಸಲ್ಲಾ? ಯಾರೋ ಹಾಕಿರಬೇಕು... ರೈಲಲ್ಲಿ... ಅಲ್ಲ, ರೈಲಲ್ಲಿ ತಾಳೆಗರಿ ಇಟ್ಕೊಂಡು ಯಾವನು ಓಡಾಡ್ತಾನೆ. ನಮ್ಮ ಗೊಂಬೆಯೋರು ಬುಟ್ರೆ ಯಾವನಿಗೆ ಬೇಕು ಇದು. ಲೇತಲ್ಲಿ ಅರಗು ಬಳಿದ ಮೇಲೆ ಹೊಳಪು ಬರ್ಲಿ ಅಂತ ಒತ್ತಿ ಹಿಡಿಯೋದು...

ಹಂಗ್ ನೋಡಬೇಡಣ್ಣ.

ಕ್ಯೂಗೆ ಒಸಿ ಅರಗು ಬಳಿದೆ ಕಣಣ್ಣ. ಬಣ್ಣ ಇಲ್ದಿರೋದು, ಕಾಣೋದೇ ಇಲ್ಲ. ತಣ್ಣಗಿದ್ದಾಗ ಗಾಜಿನಂಗೆ ಜಾರ್ತದೆ, ಆಡ್ತಾ ಆಡ್ತಾ ಕೈ ಬಿಸಿಗೆ ಅಂಟ್ಕೊಳ್ಳತ್ತೆ. ನೆನ್ನೆ ಸಾಯಂಕಾಲ ಪಾರ್ಲರಲ್ಲಿ ಎಲ್ರ ಮುಂದೆ ನೀನು ಹೊಡಿಯೋಕೆ ಹೋಗಿ ಸಿಕ್ಕಾಕ್ಕೊಳ್ಳೋದು, ಎಲ್ರೂ ನಗೋದು, ಆಮೇಲೆ ನಾನೇ ಸ್ಪಿರಿಟಲ್ಲಿ ಒರೆಸಿ ಕೊಡೋದು... ಅಷ್ಟೇ ಪ್ಲಾನು! ಯಾಕಣ್ಣ ಬರ್ಲಿಲ್ಲ ನೀನು ನೆನ್ನೆ? ಚಾಚಾ ಕೈಗೆ ಬಿಸಿನೀರು ಬಿದ್ದು ಅವರ ಬದಲು ಬಾಣಲೆ ಮುಂದೆ ಕೂತಿದ್ಯಂತೆ, ನನಗೇನು ಗೊತ್ತು? ಸ್ಪಿರಿಟ್ ತಂದು ಒರೆಸೋಣ ಅಂತ ಹೋದ್ರೆ ಮಾವ ಅಂಗಡಿ ಬೀಗ ಹಾಕ್ಬುಟ್ಟಿದ್ರು.

ಬೆಳಿಗ್ಗೆ ಟ್ರೈನಲ್ಲಿ ಹೇಳೋಣ ಅಂತಾನೇ ಇದ್ದೆ. ರಾಮನಗರದಲ್ಲಿ ನೀನು ಹತ್ತಿದ ತಕ್ಷಣ. ನೀನು ಕೇಸ್ ಇಸ್ಕೊಂಡು ಎದೆಗೊತ್ಕೊಂಡೆ, 'ಅಮ್ಮೀ ದುವಾ ಮಾಡವ್ರೆ, ಟೇಬಲ್ ಹತ್ರಾನೇ ತೆಗೆಯೋದು' ಅಂದೆ. ಬಾಯಿ ತೆಗೆದೆ ಕಣಣ್ಣ ನಾನು, ಜೋಕು ಬಂತು. ಬಿಡದಿ ಬಂತು, ಕೆಂಗೇರಿ ಬಂತು, ಬರೀ ಜೋಕೇ ಬಂತು.

ಅಲ್ಲ... ಟೇಬಲ್ ಹತ್ರ ಕೇಸ್ ತೆಗೆದಾಗ್ಲೇ ಸಿಕ್ತಾ ಈ ಗರಿ? ಅಂದ್ರೆ ಆಟ ಶುರುವಾಗೋಕೆ ಮುಂಚೆನೇ... ನಿಂಗೆ ಗೊತ್ತಿತ್ತು? ರೆಫ್ರಿಗೆ ಹೇಳಿದ್ರೆ ಬೇರೆ ಕ್ಯೂ ಕೊಡ್ತಿದ್ರಲ್ಲಣ್ಣ! ನಾನು ಮುಂದಿನ ಸಾಲಲ್ಲೇ ಚಪ್ಪಾಳೆ ಹೊಡ್ಕೊಂಡು ಕೂತಿದ್ದೆ, ಎಲ್ರ ಮುಂದೆ ನನ್ನ ಹೆಸರು ಬರ್ತದೆ ಅಂತ ಹೇಳ್ಲಿಲ್ವಾ? ಬೈಯಣ್ಣ. ಹೊಡಿಯಾದ್ರೂ ಹೊಡಿ.

ಮತ್ತೆ ಫೋನು. ಎತ್ತು. ನನ್ನ ಕಡೆ ಯಾಕೆ ತಳ್ತೀಯ? ನಾನೇನಂತ... ಬ್ಯಾಡಣ್ಣ. ದಮ್ಮಯ್ಯ.

ಹಲೋ... ಚಾಚಾ... ಹೂಂ, ಸೋತ. ಇಲ್ಲ, ನಡುಗಲಿಲ್ಲ, ಅವನ ಕೈ ಚೆನ್ನಾಗೇ ಐತೆ. ನಾನು ದೀಪು ಚಾಚಾ. ಇಲ್ಲ... ಇಲ್ಲ ಚಾಚಾ, ನಗಬೇಡಿ. ಈ ಸಲ ತಮಾಷೆ ಅಲ್ಲ.